ಎಸ್ತೇರಳ ಹಬ್ಬದ ಕರ್ಜಿಕಾಯಿ



ತಪಸ್ಸುಕಾಲದ ಮೊದಲನೆಯ ವಾರದ ಗುರುವಾರ ಬಲಿಪೂಜೆಯ ಮೊದಲ ವಾಚನವಾಗಿ ನಾವು ಆಲಿಸುವುದು ರಾಣಿ ಎಸ್ತೇರಳ ಪ್ರಾರ್ಥನೆಯನ್ನು. ತನ್ನ ಜನರಿಗೆ ಮರಣಶಾಸನ ಬರೆಯಲಾಗಿದೆ ಎಂದು ತಿಳಿದ ಹೆಣ್ಣೊಬ್ಬಳು, ನಿನ್ನ ಹೊರತು ನನಗೆ ಬೇರೆ ಆಸರೆಯಿಲ್ಲವೆಂದು ದೇವರ ಮುಂದೆ ಕಣ್ಣೀರಿಡುತ್ತಾಳೆ. ವಾಚನ ಮುಗಿಯುತ್ತದೆ, ನಾವು ಮನೆಗೆ ಹೋಗುತ್ತೇವೆ. ಆದರೆ ಬಹುಮಟ್ಟಿಗೆ ಅದೇ ದಿನಗಳಲ್ಲಿ, ಫೆಬ್ರವರಿ ಕೊನೆಯಲ್ಲೋ ಮಾರ್ಚಿಯಲ್ಲೋ, ಲೋಕದ ಯೆಹೂದ್ಯರ ಮನೆಗಳಲ್ಲಿ ಎಸ್ತೇರಳ ನೆನಪಿಗೆಂದು ಒಂದು ಸಿಹಿತಿಂಡಿ ಬೇಯುತ್ತದೆ. ಅದು ಪೂರಿಮ್ ಹಬ್ಬದ ತಿಂಡಿ. ನಮ್ಮ ಕರ್ಜಿಕಾಯಿಗೆ ಅದು ದೂರದ ನೆಂಟ. ಅದರ ಹೂರಣದೊಳಗೆ ಒಂದು ಜನಾಂಗದ ಚರಿತ್ರೆಯೇ ಇದೆ. ನಮ್ಮ ನಾಡಿನ ಚರಿತ್ರೆಯ ಒಂದು ತುಣುಕೂ ಇದೆ.

ಭಾರತದಿಂದ ಆರಂಭವಾಗುವ ಕಥೆ

ಎಸ್ತೇರಳ ಗ್ರಂಥದ ಮೊದಲ ವಾಕ್ಯದಲ್ಲೇ ನಮ್ಮ ದೇಶದ ಹೆಸರಿದೆ. ಪರ್ಷಿಯದ ಅರಸ ಅಹಷ್ವೇರೋಷನ ಸಾಮ್ರಾಜ್ಯ ಭಾರತದಿಂದ ಇಥಿಯೋಪಿಯದವರೆಗೆ 127 ಪ್ರಾಂತ್ಯಗಳಿಗೆ ಹಬ್ಬಿತ್ತೆಂದು ಅದು ಹೇಳುತ್ತದೆ. ಅರಮನೆಯ ಪರದೆಗಳನ್ನು ವರ್ಣಿಸುವಾಗ ಹೀಬ್ರೂ ಮೂಲದಲ್ಲಿ ‘ಕರ್ಪಾಸ್’ ಎಂಬ ಪದ ಬರುತ್ತದೆ. ಹತ್ತಿಗೆ ಸಂಸ್ಕೃತದಲ್ಲಿರುವ ‘ಕಾರ್ಪಾಸ’ವೇ ಅದು. ಮಗ್ಗದ ಸದ್ದು ಕೇಳಿ ಬೆಳೆದ ವಿಜಯಪುರದವರಿಗೆ ಇದು ಸಂತೋಷದ ವಿಷಯವಲ್ಲವೇ? ನಮ್ಮ ದೇಶದ ಬಟ್ಟೆ ಪರಿಶುದ್ಧ ಗ್ರಂಥದ ಅರಮನೆಯಲ್ಲಿ ತೂಗಾಡಿದೆ.

ಆ ಅರಮನೆಯಲ್ಲಿ ಹಾಮಾನನೆಂಬ ಅಧಿಕಾರಿಯಿದ್ದ. ಮೊರ್ದೆಕೈ ಎಂಬ ಯೆಹೂದ್ಯನು ತನಗೆ ತಲೆಬಾಗಲಿಲ್ಲವೆಂದು ಅವನಿಗೆ ಕೋಪ. ಒಬ್ಬನ ಮೇಲಿನ ಕೋಪವನ್ನು ಅವನು ಇಡೀ ಜನಾಂಗದ ಮೇಲೆ ಹರಿಯಬಿಟ್ಟ. ಅರಸನಿಗೆ ಅವನು ಹೇಳಿದ್ದರ ಸಾರ ಇಷ್ಟೇ: ನಿನ್ನ ರಾಜ್ಯದಲ್ಲಿ ಚದುರಿಹೋದ ಒಂದು ಜನವಿದೆ, ಅವರ ಕಟ್ಟಳೆಗಳೇ ಬೇರೆ, ಅವರನ್ನು ಉಳಿಸುವುದು ನಿನಗೆ ಕ್ಷೇಮವಲ್ಲ. ಪ್ರಿಯರೇ, ಅಲ್ಪಸಂಖ್ಯಾತರ ಮೇಲೆ ಎಲ್ಲ ಕಾಲದಲ್ಲೂ ಹೊರಿಸುವ ಆಪಾದನೆ ಇದೇ ಅಲ್ಲವೇ? ಹತ್ಯೆಯ ದಿನವನ್ನು ಗೊತ್ತುಮಾಡಲು ಹಾಮಾನನು ಚೀಟಿ ಎತ್ತಿಸಿದ. ಚೀಟಿಗೆ ಅಲ್ಲಿ ‘ಪೂರ್’ ಎಂದು ಹೆಸರು. ಹಬ್ಬದ ಹೆಸರು ಬಂದದ್ದು ಅದರಿಂದಲೇ. ರಾಣಿಯಾಗಿದ್ದ ಎಸ್ತೇರಳು ತಾನೂ ಯೆಹೂದ್ಯಳೆಂಬುದನ್ನು ಅಲ್ಲಿಯವರೆಗೆ ಯಾರಿಗೂ ತಿಳಿಸಿರಲಿಲ್ಲ. ಅವಳು ಉಪವಾಸವಿದ್ದು, ಕರೆಯಿಲ್ಲದೆ ಅರಸನ ಮುಂದೆ ನಿಂತಳು. ಹಾಗೆ ನಿಂತವರಿಗೆ ಮರಣವೇ ಶಿಕ್ಷೆಯೆಂಬುದು ಅವಳಿಗೆ ಗೊತ್ತಿತ್ತು. ಅವಳ ಜನ ಉಳಿಯಿತು.

ಹೀಬ್ರೂ ಭಾಷೆಯ ಎಸ್ತೇರಳ ಗ್ರಂಥದಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ನಾವು ತಪಸ್ಸುಕಾಲದಲ್ಲಿ ಆಲಿಸುವ ಪ್ರಾರ್ಥನೆ ಗ್ರೀಕ್ ಭಾಷೆಯಲ್ಲಿ ಸೇರಿಬಂದ ಭಾಗದ್ದು. ಹೆಸರಿಲ್ಲದಿದ್ದರೂ ದೇವರು ಅಲ್ಲಿ ಮರೆಯಲ್ಲಿದ್ದು ಕಾರ್ಯ ಮಾಡುತ್ತಾನೆ ಎನ್ನುವುದು ಯೆಹೂದಿ ಗುರುಗಳ ವ್ಯಾಖ್ಯಾನ. ಕಣಕದೊಳಗೆ ಅಡಗಿದ ಹೂರಣದಂತೆ, ಹೊರಗಿನಿಂದ ನೋಡಿದವರಿಗೆ ಒಳಗಿರುವುದು ಕಾಣದು.

ಹಾಮಾನನ ಜೇಬು

ಜರ್ಮನಿ, ಪೋಲೆಂಡ್ ಮೊದಲಾದ ನಾಡುಗಳ ಯೆಹೂದ್ಯರು ಈ ತಿಂಡಿಯನ್ನು ‘ಹಾಮನ್‌ತಾಷ್’ ಎನ್ನುತ್ತಾರೆ, ಎಂದರೆ ಹಾಮಾನನ ಜೇಬು. ಜರ್ಮನ್ ಭಾಷೆಯಲ್ಲಿ ಗಸಗಸೆಗೆ ‘ಮೋನ್’ ಎನ್ನುತ್ತಾರೆ, ಜೇಬಿಗೆ ‘ತಾಷೆ’. ಗಸಗಸೆ ತುಂಬಿದ ‘ಮೋನ್‌ತಾಷೆ’ ಎಂಬ ತಿಂಡಿ ಮೊದಲೇ ಇತ್ತು. ಹೆಸರಿನ ಸದ್ದು ಹಾಮಾನನನ್ನು ನೆನಪಿಸಿದ್ದರಿಂದ ಅದು ಪೂರಿಮ್ ಹಬ್ಬಕ್ಕೆ ಸೇರಿಹೋಯಿತು. ಇಸ್ರೇಲಿನಲ್ಲಿ ಅದಕ್ಕೆ ಹಾಮಾನನ ಕಿವಿಗಳು ಎಂಬ ಹೆಸರಿದೆ.

ಮಾಡುವ ಕ್ರಮ ಕಷ್ಟವೇನಲ್ಲ. ಎರಡು ಲೋಟ ಮೈದಾಹಿಟ್ಟು, ಅರ್ಧ ಲೋಟ ಸಕ್ಕರೆ, ಸುಮಾರು 100 ಗ್ರಾಂ ಬೆಣ್ಣೆ, ಒಂದು ಮೊಟ್ಟೆ ಸೇರಿಸಿ ಕಣಕ ಕಲಸಿ ತಂಪಾದ ಜಾಗದಲ್ಲಿಡಬೇಕು. ಗಸಗಸೆಯನ್ನು ಪುಡಿಮಾಡಿ ಹಾಲು, ಜೇನುತುಪ್ಪ, ಒಣದ್ರಾಕ್ಷಿಯೊಡನೆ ಗಟ್ಟಿಯಾಗುವವರೆಗೆ ಬೇಯಿಸಿದರೆ ಹೂರಣ ಸಿದ್ಧ. ಕಣಕವನ್ನು ಲಟ್ಟಿಸಿ ಲೋಟದ ಬಾಯಿಯಿಂದ ಬಿಲ್ಲೆಗಳನ್ನು ಕತ್ತರಿಸಿ, ನಡುವೆ ಒಂದು ಚಮಚ ಹೂರಣವಿಟ್ಟು, ಮೂರು ಕಡೆಯಿಂದ ಅಂಚನ್ನು ಮೇಲೆತ್ತಿ ಮೂಲೆಗಳನ್ನು ಒತ್ತಬೇಕು. ನಡುವೆ ಹೂರಣ ಸ್ವಲ್ಪ ಇಣುಕುತ್ತಿರಬೇಕು. 180 ಡಿಗ್ರಿ ಬಿಸಿಯ ಒಲೆಯಲ್ಲಿ ಕಾಲು ಗಂಟೆ ಬೇಯಿಸಿದರೆ ಅಂಚು ಕೆಂಪಗಾಗುತ್ತದೆ.

ಇದನ್ನು ಓದುವ ತಾಯಂದಿರು ಆಗಲೇ ನಗುತ್ತಿರಬಹುದು. ಹುರಿಗಡಲೆ, ಕೊಬ್ಬರಿ, ಸಕ್ಕರೆ, ಏಲಕ್ಕಿಯ ಜೊತೆ ಒಂದು ಹಿಡಿ ಗಸಗಸೆ ಹಾಕಿ, ಅರ್ಧಚಂದ್ರದಂತೆ ಮಡಚಿ, ಎಣ್ಣೆಯಲ್ಲಿ ಕರಿದರೆ ನಮ್ಮ ಕರ್ಜಿಕಾಯಿ. ಕರಾವಳಿಯ ಕಥೋಲಿಕರ ಕ್ರಿಸ್ಮಸ್ ಕುಸ್ವಾರದಲ್ಲಿ ಅದೇ ನೆವ್ರಿ. ಗಸಗಸೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಅವರದು ಮೂರು ಮೂಲೆ, ನಮ್ಮದು ಅರ್ಧಚಂದ್ರ, ಅಷ್ಟೇ.

ಹಣ್ಣಿನ ಹೂರಣಕ್ಕೂ ಒಂದು ಕಥೆಯಿದೆ. 1731ರಲ್ಲಿ ಬೊಹೀಮಿಯ ಸೀಮೆಯ ಡೇವಿಡ್ ಬ್ರಾಂಡೈಸ್ ಎಂಬ ಯೆಹೂದಿ ವ್ಯಾಪಾರಿ ಮಾರಿದ ಪ್ಲಮ್ ಹಣ್ಣಿನ ಪಾಕದಲ್ಲಿ ವಿಷವಿತ್ತೆಂದು ಕ್ರೈಸ್ತ ನೆರೆಯವರು ದೂರಿದರು. ಅವನು ಸೆರೆಮನೆ ಸೇರಿದ. ವಿಚಾರಣೆ ನಡೆದಾಗ, ಸತ್ತ ವ್ಯಕ್ತಿಗೆ ಕ್ಷಯರೋಗವಿತ್ತೆಂದು ತಿಳಿದುಬಂತು. ಪೂರಿಮ್ ಹಬ್ಬಕ್ಕೆ ನಾಲ್ಕು ದಿನ ಮೊದಲು ಅವನು ಬಿಡುಗಡೆಯಾದ. ಆ ಊರಿನ ಯೆಹೂದ್ಯರು ಇದನ್ನೂ ಒಂದು ಚಿಕ್ಕ ಪೂರಿಮ್ ಎಂದೇ ಆಚರಿಸತೊಡಗಿದರು. ಯಾವ ಪಾಕದಿಂದ ಅಪವಾದ ಬಂತೋ ಅದೇ ಪಾಕವನ್ನು ಹಬ್ಬದ ತಿಂಡಿಯೊಳಗೆ ತುಂಬಿ ಹಂಚಿದರು.

ಕೊಂಕಣದ ಗಾಣಿಗರು, ದೇವನಹಳ್ಳಿಯ ತಾಯಿ

ಯೆಹೂದ್ಯರು ಎಂದೊಡನೆ ನಮಗೆ ಜೆರುಸಲೇಮ್ ನೆನಪಾಗುತ್ತದೆ. ಅಷ್ಟು ದೂರ ಹೋಗಬೇಕಿಲ್ಲ. ಕೊಂಕಣ ತೀರದಲ್ಲಿ ಬೆನೆ ಇಸ್ರೇಲ್ ಎಂಬ ಯೆಹೂದಿ ಸಮುದಾಯ ಶತಮಾನಗಳಿಂದ ಬಾಳಿದೆ. ಹಡಗು ಒಡೆದು ದಡ ಸೇರಿದ ಕೆಲವರ ಸಂತಾನ ತಾವೆಂಬುದು ಅವರ ಪರಂಪರೆ. ಎಣ್ಣೆ ತೆಗೆಯುವುದು ಅವರ ಕಸುಬಾಗಿತ್ತು. ಶನಿವಾರ ಗಾಣ ತಿರುಗಿಸದಿದ್ದುದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಅವರಲ್ಲಿ ಪೂರಿಮ್‌ಗೆ ‘ಹೋಳಿಚಾ ಸಣ್’ ಎಂದು ಹೆಸರು, ಅಂದರೆ ಹೋಳಿಯ ಹಬ್ಬ. ಎರಡೂ ಒಂದೇ ಹುಣ್ಣಿಮೆಯ ಆಸುಪಾಸಿನಲ್ಲಿ ಬರುತ್ತವಲ್ಲ! ಆ ದಿನ ಅವರ ಮನೆಯಲ್ಲಿ ಬೇಯುವುದು ಪುರಣಪೋಳಿ, ನಮ್ಮ ಹೂರಣದ ಹೋಳಿಗೆಯೇ. ಜರ್ಮನಿಯವರಿಗೆ ಗಸಗಸೆಯ ಜೇಬು, ಕೊಂಕಣದವರಿಗೆ ಬೇಳೆಬೆಲ್ಲದ ಹೋಳಿಗೆ. ನೆಲದ ತಿಂಡಿಯಲ್ಲೇ ಹಬ್ಬ ಮನೆ ಮಾಡಿಕೊಂಡಿತು.

ಈ ಸಮುದಾಯದ ಸಾಮುವೇಲ್ ಎಜೆಕಿಯೇಲ್ ದಿವೇಕರ್ ಎಂಬವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಎರಡನೆಯ ಮೈಸೂರು ಯುದ್ಧದಲ್ಲಿ ಅವರು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕರು. ಬೆನೆ ಇಸ್ರೇಲ್ ಜನರ ಪರಂಪರೆ ಹೇಳುವುದೇನೆಂದರೆ, ಸೆರೆಯಾಳುಗಳ ಜಾತಿಮತ ವಿಚಾರಿಸುವಾಗ ದಿವೇಕರ್ ತಾನು ಇಸ್ರೇಲ್ ಸಂತತಿಯವನೆಂದರು. ಅದನ್ನು ಕೇಳಿದ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಉಲ್ಲೇಖವಿರುವ ಜನ ಇವರೆಂದು ಹೇಳಿ ಮಗನಲ್ಲಿ ಅವರ ಪ್ರಾಣಕ್ಕಾಗಿ ಬೇಡಿಕೊಂಡಳು. ಬಿಡುಗಡೆಯಾದ ದಿವೇಕರ್ 1796ರಲ್ಲಿ ಮುಂಬಯಿಯ ಮೊದಲ ಯೆಹೂದಿ ಪ್ರಾರ್ಥನಾಮಂದಿರವನ್ನು ಕಟ್ಟಿಸಿದರು. ಅದರ ಹೆಸರು ‘ಶಾರ್ ಹಾರಹಮಿಮ್’, ಕರುಣೆಯ ಬಾಗಿಲು.

ಟಿಪ್ಪು ಹುಟ್ಟಿದ್ದು ವಿಜಯಪುರದ ನೆರೆಯ ದೇವನಹಳ್ಳಿಯಲ್ಲಿ. ಅಲ್ಲಿ ಅವನನ್ನು ಹೆತ್ತ ತಾಯಿಯನ್ನೇ ಆ ಪರಂಪರೆ ಇನ್ನೊಬ್ಬ ಎಸ್ತೇರಳಂತೆ ನೆನೆಯುತ್ತದೆ: ಅರಮನೆಯೊಳಗಿನ ಒಬ್ಬ ಹೆಂಗಸು, ಪರರ ಪ್ರಾಣಕ್ಕಾಗಿ ಒಂದು ಮಾತು.

ಆದರೆ ಅದೇ ಶ್ರೀರಂಗಪಟ್ಟಣದ ನೆನಪು ನಮ್ಮ ಕರಾವಳಿಯ ಕಥೋಲಿಕರಿಗೆ ಬೇರೆಯೇ. 1784ರ ತಪಸ್ಸುಕಾಲದ ಆರಂಭದಲ್ಲಿ ಸಾವಿರಾರು ಕುಟುಂಬಗಳನ್ನು ಹಿಡಿದು ಘಟ್ಟ ಹತ್ತಿಸಿ ಅಲ್ಲಿಗೆ ಒಯ್ಯಲಾಯಿತು. ದಾರಿಯಲ್ಲೇ ಅನೇಕರು ಸತ್ತರು. ಉಳಿದವರಿಗೆ ಬಿಡುಗಡೆ ದೊರೆತದ್ದು 1799ರಲ್ಲಿ. ಈ ನೋವನ್ನು ಮುಚ್ಚಿಡಬೇಕಾಗಿಲ್ಲ. ಹಾಗೆಂದು ಆ ತಾಯಿಯ ಮಾತನ್ನೂ ಮರೆಯಬೇಕಾಗಿಲ್ಲ. ಒಂದು ಊರಿನ ಚರಿತ್ರೆಯಲ್ಲಿ ಸೆರೆಯೂ ಇರುತ್ತದೆ, ಕರುಣೆಯ ಬಾಗಿಲೂ ಇರುತ್ತದೆ. ಎರಡನ್ನೂ ಹೇಳಿದಾಗಲೇ ಅದು ಸತ್ಯ.

ಮುಂದಿನ ಕಾಲದಲ್ಲೂ ಈ ನಾಡು ಯೆಹೂದ್ಯರಿಗೆ ಜಾಗ ಕೊಟ್ಟಿತು. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಬೆಂಗಳೂರಿನ ಯೆಹೂದ್ಯರ ಸಮಾಧಿಗೆ ಭೂಮಿ ದೊರೆಯಿತು. ಹಿಟ್ಲರನ ಆಡಳಿತದಲ್ಲಿ ಉದ್ಯೋಗ ಕಳೆದುಕೊಂಡ ಬರ್ಲಿನ್ನಿನ ವಾಸ್ತುಶಿಲ್ಪಿ ಓಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಬೆಂಗಳೂರಿನಲ್ಲಿ ಕಟ್ಟಡಗಳನ್ನು ಕಟ್ಟಿದರು. ತನ್ನ ನಾಡು ಹೊರದೂಡಿದವನಿಗೆ ಇಲ್ಲಿ ಕೆಲಸವೂ ಗೌರವವೂ ಸಿಕ್ಕಿದವು.

ನೆನಪಿಗೆ ಎರಡು ದಾರಿ

ಅಪಾಯದಿಂದ ಪಾರಾದ ಜನ ಅದನ್ನು ಹೇಗೆ ನೆನೆಯಬೇಕು? ಇದೇ ಪೂರಿಮ್ ಹಬ್ಬ ಕೇಳುವ ಪ್ರಶ್ನೆ. ಎಸ್ತೇರಳ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಎರಡು ಸಂಗತಿಗಳಿವೆ. ಒಂದು, ಯೆಹೂದ್ಯರು ತಮ್ಮ ವೈರಿಗಳನ್ನು ಕೊಂದದ್ದು. ಇನ್ನೊಂದು, ಪ್ರತಿವರ್ಷ ಈ ದಿನ ಒಬ್ಬರಿಗೊಬ್ಬರು ತಿಂಡಿಯ ಪಾಲು ಕಳುಹಿಸಬೇಕು, ಬಡವರಿಗೆ ದಾನ ಕೊಡಬೇಕು ಎಂದು ಮೊರ್ದೆಕೈ ಬರೆದು ಕಳುಹಿಸಿದ್ದು.

ಗುರುಗಳು ಹಬ್ಬದ ನಿಯಮವಾಗಿ ಉಳಿಸಿದ್ದು ಎರಡನೆಯದನ್ನು. ಗ್ರಂಥ ಓದುವಾಗ ಹಾಮಾನನ ಹೆಸರು ಬಂದರೆ ಮಕ್ಕಳು ಗಿಲಕಿ ಆಡಿಸಿ ಗದ್ದಲ ಮಾಡುತ್ತಾರೆ. ಕೋಪಕ್ಕೆ ಅಷ್ಟೇ ಜಾಗ. ಆಮೇಲೆ ಒಬ್ಬರಿಗಾದರೂ ಎರಡು ಬಗೆಯ ತಿಂಡಿ, ಇಬ್ಬರು ಬಡವರಿಗಾದರೂ ದಾನ. ಹಾಮಾನನ ಜೇಬು ಅಂದು ತಟ್ಟೆಯಲ್ಲಿ ಕುಳಿತು ನೆರೆಮನೆಗೆ ಹೋಗುತ್ತದೆ.

ಎಲ್ಲರೂ ಆ ದಾರಿ ಹಿಡಿಯಲಿಲ್ಲ. 1994ರ ಫೆಬ್ರವರಿ 25, ಪೂರಿಮ್ ಹಬ್ಬದ ಬೆಳಗ್ಗೆ, ಹೆಬ್ರೋನ್ ನಗರದಲ್ಲಿ ಪ್ರಾರ್ಥನೆಯಲ್ಲಿದ್ದ 29 ಮಂದಿ ಮುಸಲ್ಮಾನರನ್ನು ಒಬ್ಬ ಯೆಹೂದ್ಯನು ಗುಂಡಿಟ್ಟು ಕೊಂದ. ನೆನಪನ್ನು ದ್ವೇಷದ ಮೇಲೆ ಬೇಯಿಸಿದರೆ ಅದು ಹೊಸ ಹಾಮಾನನನ್ನೇ ಹುಟ್ಟಿಸುತ್ತದೆ.

ಇದು ಅವರಿಗೆ ಮಾತ್ರ ಹೇಳುವ ಪಾಠವಲ್ಲ. ಯೇಸುಸ್ವಾಮಿಯ ಶಿಲುಬೆಯ ನೆನಪನ್ನೇ ನೆಪಮಾಡಿ ಯುರೋಪಿನ ಕ್ರೈಸ್ತರು ಶತಮಾನಗಳ ಕಾಲ ಯೆಹೂದ್ಯರನ್ನು ಹಿಂಸಿಸಿದರು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ, ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಸಾರಿತು. 2000ದ ಮಾರ್ಚ್ 26ರಂದು, ತಪಸ್ಸುಕಾಲದಲ್ಲೇ, ಜಗದ್ಗುರು ಎರಡನೆಯ ಜಾನ್ ಪಾಲರು ಜೆರುಸಲೇಮಿನ ಪಶ್ಚಿಮದ ಗೋಡೆಯ ಮುಂದೆ ನಿಂತು, ಕ್ಷಮೆ ಬೇಡುವ ಪ್ರಾರ್ಥನೆಯ ಚೀಟಿಯನ್ನು ಅದರ ಕಲ್ಲುಗಳ ಸಂದಿನಲ್ಲಿಟ್ಟರು. ಹಾಮಾನನ ಚೀಟಿ ಮರಣಕ್ಕೆ ದಿನ ಗೊತ್ತುಮಾಡಿತ್ತು. ಈ ಚೀಟಿ ಸಹೋದರರಾಗಿ ಬಾಳಲು ದಾರಿ ತೆರೆಯಿತು.

ನಮ್ಮ ತಟ್ಟೆ

ಕ್ರಿಸ್ಮಸ್‌ಗೆ ನಮ್ಮ ಮನೆಗಳಿಂದ ಕರ್ಜಿಕಾಯಿ, ಕಲ್‌ಕಲ್ ತುಂಬಿದ ತಟ್ಟೆ ನೆರೆಮನೆಗೆ ಹೋಗುತ್ತದೆ. ಯುಗಾದಿಗೆ ಅಲ್ಲಿಂದ ಹೋಳಿಗೆ, ರಂಜಾನ್‌ಗೆ ಇನ್ನೊಂದು ಮನೆಯಿಂದ ಶಾವಿಗೆ ಬರುತ್ತದೆ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಮ್ಮ ಹಿರಿಯರು ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳುಹಿಸುತ್ತಿದ್ದರು. ಅಂಗಡಿಯ ಡಬ್ಬಿ ಬಂದ ಮೇಲೆ ತಟ್ಟೆಗಳ ಓಡಾಟ ಕಡಿಮೆಯಾಗುತ್ತಿದೆ. ಓಡಾಟ ನಿಂತ ಬೀದಿಯಲ್ಲಿ ಗಾಳಿಮಾತು ಬೇಗ ಹಬ್ಬುತ್ತದೆ. ‘ಅವರ ಕಟ್ಟಳೆಗಳೇ ಬೇರೆ’ ಎಂಬ ಹಾಮಾನನ ಮಾತು, ನೆರೆಮನೆಯ ತಿಂಡಿಯ ರುಚಿ ಗೊತ್ತಿಲ್ಲದವನ ಕಿವಿಗೆ ಸುಲಭವಾಗಿ ಹೊಕ್ಕುತ್ತದೆ.

ಈ ತಪಸ್ಸುಕಾಲದಲ್ಲಿ ಸಿಹಿ ತಿನ್ನುವುದನ್ನು ಬಿಟ್ಟಿರುವ ಮನೆಯವರು ಸಿಹಿ ಮಾಡುವುದನ್ನು ಬಿಡಬೇಕಾಗಿಲ್ಲ. ಒಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಎಸ್ತೇರಳ ಕಥೆ ಹೇಳುತ್ತಾ ಮೂರು ಮೂಲೆಯ ಈ ತಿಂಡಿಯನ್ನೋ ನಮ್ಮದೇ ಕರ್ಜಿಕಾಯಿಯನ್ನೋ ಮಾಡಿರಿ. ಎರಡು ಬಗೆ ಮಾಡಿ ಬೇರೆ ಧರ್ಮದ ಒಂದು ಮನೆಗೆ ಕಳುಹಿಸಿರಿ. ಇಬ್ಬರು ಬಡವರನ್ನು ಹೆಸರು ಹಿಡಿದು ನೆನೆದು ಅವರ ಕೈಗೂ ಮುಟ್ಟಿಸಿರಿ. ಉಪವಾಸ, ಪ್ರಾರ್ಥನೆ, ದಾನ ಈ ಮೂರೂ ತಪಸ್ಸುಕಾಲದ ಕರ್ತವ್ಯಗಳು. ಎಸ್ತೇರಳು ಉಪವಾಸ ಮಾಡಿದಳು, ಪ್ರಾರ್ಥಿಸಿದಳು. ದಾನವನ್ನು ಅವಳ ಹಬ್ಬ ಕಲಿಸಿತು.

ಮರೆಯಲ್ಲಿದ್ದು ತನ್ನ ಜನರನ್ನು ಕಾಯುವ ದೇವರು ನಿಮ್ಮ ಮನೆಯನ್ನೂ ನಿಮ್ಮ ನೆರೆಮನೆಯನ್ನೂ ಕಾಪಾಡಲಿ.