ಗುಂಟೂರಿನ ಡಾಕ್ಟರಮ್ಮ: ಧರ್ಮಭಗಿನಿ ಮೇರಿ ಗ್ಲೌರಿ (1887–1957)

ಭಾರತದ ಕಥೋಲಿಕ ಆಸ್ಪತ್ರೆಗಳನ್ನು ಒಂದೇ ಸಂಘದಡಿ ತಂದ ಡಾ. ಮೇರಿ ಗ್ಲೌರಿ ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಆಂಧ್ರದ ಗುಂಟೂರಿನಲ್ಲಿ ದುಡಿದು, 1957ರ ಮೇ 5ರಂದು ನಮ್ಮ ಬೆಂಗಳೂರಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಆಗ ಅವರಿಗೆ 69 ವರ್ಷ. ಕರಾವಳಿಯ ನಮಗೆ ಕಂಕನಾಡಿಯ ಫಾದರ್ ಮುಲ್ಲರ್ ಅವರ ಹೆಸರು ಬಾಯಿಪಾಠ; ಈ ಭಗಿನಿಯ ಹೆಸರು ಅಷ್ಟಾಗಿ ಗೊತ್ತಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಂತೂ ಅವರು ನೆಲೆಸಿದವರೇ ಅಲ್ಲ. ಆದರೂ ಆ ಸೀಮೆಯ ಒಂದು ಹಳ್ಳಿಯ ತಾಯಂದಿರಿಗೆ ಅವರ ಕನಸಿನ ಫಲ ತಲುಪಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೇರಿ ಹುಟ್ಟಿದ್ದು 1887ರ ಜೂನ್ 23ರಂದು, ವಿಕ್ಟೋರಿಯಾ ಪ್ರಾಂತ್ಯದ ಬಿರೆಗುರ್ರಾ ಎಂಬ ಊರಿನಲ್ಲಿ. ದೊಡ್ಡ ಕುಟುಂಬ. ವಿದ್ಯಾರ್ಥಿವೇತನದ ಬಲದಿಂದಲೇ ಓದಿ, ಮೊದಲು ಕಲಾ ವಿಭಾಗಕ್ಕೆ ಸೇರಿ, ಬಳಿಕ ವೈದ್ಯಕೀಯಕ್ಕೆ ಬದಲಾಯಿಸಿಕೊಂಡು, 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಹೆಣ್ಣು ವೈದ್ಯರು ಬೆರಳೆಣಿಕೆಯಷ್ಟಿದ್ದ ಕಾಲವದು. ಮೆಲ್ಬರ್ನಿನಲ್ಲಿ ಒಳ್ಳೆಯ ವೃತ್ತಿ, ಗೌರವ ಎರಡೂ ಇದ್ದವು. 1916ರಲ್ಲಿ ಅಲ್ಲಿನ ಕಥೋಲಿಕ ಮಹಿಳಾ ಸಮಾಜ ಸಂಘದ ಮೊದಲ ಅಧ್ಯಕ್ಷೆಯೂ ಆದರು.

ಅದಕ್ಕೂ ಮುಂಚೆ, 1915ರ ಅಕ್ಟೋಬರ್ 24ರ ಭಾನುವಾರ, ಒಂದು ಚಿಕ್ಕ ಪುಸ್ತಿಕೆ ಅವರ ಕೈಗೆ ಬಂದಿತ್ತು. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರ ಜೀವನಕಥೆ. ಪರದೆಯ ಹಿಂದಿನ ಭಾರತೀಯ ಸ್ತ್ರೀಯರು ಗಂಡಸು ವೈದ್ಯರಿಗೆ ಕೈನಾಡಿ ಕೊಡಲೂ ಒಪ್ಪದೆ ಹೆರಿಗೆಯಲ್ಲಿ ಸಾಯುತ್ತಿದ್ದಾರೆ, ಹೆಣ್ಣು ವೈದ್ಯರು ಬೇಕು ಎಂಬುದು ಅದರ ಸಾರ. ಓದಿ ಮೇರಿ ಮೊಣಕಾಲೂರಿದರು. ಇನ್ನು ಜೀವನವೆಲ್ಲ ಇದಕ್ಕೇ ಎಂದು ತೀರ್ಮಾನಿಸಿದರು.

ಇಲ್ಲೊಂದು ತೊಡಕಿತ್ತು, ಇದನ್ನು ನಮ್ಮವರು ಮರೆಮಾಚದೆ ಹೇಳಬೇಕು. ಕನ್ಯಾಸ್ತ್ರೀಯರು ವೈದ್ಯವೃತ್ತಿ ನಡೆಸುವುದಕ್ಕೆ, ಅದರಲ್ಲೂ ಹೆರಿಗೆ ಮಾಡಿಸುವುದಕ್ಕೆ, ಅಂದಿನ ಧರ್ಮಸಭೆಯ ಕಾನೂನು ಅಡ್ಡವಾಗಿತ್ತು. ಅದನ್ನು ಸಡಿಲಿಸಿರೆಂದು ಮೆಕ್ಲಾರೆನ್ ಅವರು ರೋಮಿಗೆ ಮತ್ತೆ ಮತ್ತೆ ಮೊರೆಯಿಟ್ಟು, ಉತ್ತರ ಕಾಣದೆ 1913ರಲ್ಲಿ ತೀರಿಕೊಂಡಿದ್ದರು. ಸಾರ್ವತ್ರಿಕ ಅನುಮತಿ ಸಿಕ್ಕಿದ್ದು 1936ರಲ್ಲಿ. ನಡುವಣ ಆ ವರ್ಷಗಳಲ್ಲಿ ಎಷ್ಟು ತಾಯಂದಿರು ಹೋದರೋ, ದೇವರೇ ಬಲ್ಲ. ಮೇರಿಯವರಿಗೆ ಮಾತ್ರ ಜಗದ್ಗುರು 15ನೇ ಬೆನೆಡಿಕ್ಟರು ವಿಶೇಷ ಅನುಮತಿ ನೀಡಿದರು. ಧರ್ಮಭಗಿನಿಯಾಗಿದ್ದುಕೊಂಡೇ ವೈದ್ಯಸೇವೆ ಮಾಡಲು ಹಾಗೆ ಅನುಮತಿ ಪಡೆದ ಮೊದಲಿಗರಲ್ಲಿ ಅವರೊಬ್ಬರು.

1919ರಲ್ಲಿ ಉನ್ನತ ವೈದ್ಯಪದವಿ ಮುಗಿಸಿ, 1920ರ ಫೆಬ್ರವರಿಯಲ್ಲಿ ಗುಂಟೂರು ತಲುಪಿದರು. ಡಚ್ ಭಗಿನಿಯರ ಯೇಸು ಮರಿಯ ಜೋಸೆಫರ ಸಭೆಗೆ ಸೇರಿ ಪವಿತ್ರ ಹೃದಯದ ಮೇರಿ ಎಂಬ ಹೆಸರು ಪಡೆದರು. ಮತ್ತೆಂದೂ ತಾಯ್ನಾಡು ಕಾಣಲಿಲ್ಲ. ತೆಲುಗು ಕಲಿತರು. ಚಿಂತಾಮಣಿ, ಗೌರಿಬಿದನೂರು ಕಡೆ ಇಂದಿಗೂ ಎಷ್ಟೋ ಮನೆಗಳಲ್ಲಿ ಆಡುವ ಭಾಷೆಯೇ ಅದು. ಪುಟ್ಟ ಔಷಧಾಲಯವೊಂದು ಅವರ ಕೈಯಲ್ಲಿ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ವರ್ಷಗಟ್ಟಲೆ ಅಲ್ಲಿದ್ದ ಒಬ್ಬರೇ ವೈದ್ಯರು ಅವರು. ಲಕ್ಷಾಂತರ ರೋಗಿಗಳನ್ನು ನೋಡಿದರು. ಹಳ್ಳಿಗಳಿಗೆ ತಾವೇ ಹೋಗುತ್ತಿದ್ದರು. ಸ್ಥಳೀಯ ಹೆಣ್ಣುಮಕ್ಕಳಿಗೆ ದಾದಿ ಕೆಲಸ, ಸೂಲಗಿತ್ತಿ ಕೆಲಸ, ಔಷಧ ತಯಾರಿಕೆ ಕಲಿಸಿದರು. ನಾಟಿ ಗಿಡಮೂಲಿಕೆಗಳನ್ನು ಕೀಳಾಗಿ ಕಾಣದೆ ಅಭ್ಯಾಸ ಮಾಡಿ ಬಳಸಿದರು. ನನ್ನ ಮಟ್ಟಿಗೆ, ಅವರು ತಾವೇ ಮಾಡಿದ ಚಿಕಿತ್ಸೆಗಿಂತ ಬೇರೆಯವರ ಕೈಗೆ ಕೊಟ್ಟ ಈ ವಿದ್ಯೆಯೇ ದೊಡ್ಡ ದಾನ.

ವಯಸ್ಸು 56 ಆಗಿದ್ದಾಗ, 1943ರ ಜುಲೈ 29ರಂದು, ಗುಂಟೂರಿನಲ್ಲಿ ಕೆಲವೇ ಭಗಿನಿಯರನ್ನು ಕೂಡಿಸಿಕೊಂಡು ಕಥೋಲಿಕ ಆಸ್ಪತ್ರೆಗಳ ಸಂಘ ಸ್ಥಾಪಿಸಿದರು. ಇಂದು 'ಚಾಯ್' ಎಂದು ಕರೆಯುವ, ದೇಶದಾದ್ಯಂತ ಮೂರು ಸಾವಿರಕ್ಕೂ ಹೆಚ್ಚು ಸದಸ್ಯ ಸಂಸ್ಥೆಗಳಿರುವ ಸಂಘಟನೆ ಅದೇ. ಇವುಗಳಲ್ಲಿ ಬಹುಪಾಲು ದೊಡ್ಡ ಆಸ್ಪತ್ರೆಗಳಲ್ಲ; ಭಗಿನಿಯರು ಹಳ್ಳಿಗಳಲ್ಲಿ ನಡೆಸುವ ಸಣ್ಣ ಔಷಧಾಲಯಗಳು.

ಇನ್ನೊಂದು ಆಸೆ ಉಳಿದಿತ್ತು: ಭಾರತದಲ್ಲಿ ಒಂದು ಕಥೋಲಿಕ ವೈದ್ಯಕೀಯ ಕಾಲೇಜು ಆಗಬೇಕು. ಅದಕ್ಕಾಗಿ ಕೊನೆಯ ತನಕ ಶ್ರಮಿಸಿದರು. ಅಷ್ಟರಲ್ಲಿ ಕ್ಯಾನ್ಸರ್ ಹಿಡಿಯಿತು. ಜೀವಮಾನವಿಡೀ ಬೇರೆಯವರ ನೋವಿನ ಪಕ್ಕ ನಿಂತವರು ಬೆಂಗಳೂರಿನಲ್ಲಿ ದೀರ್ಘ ನೋವನ್ನು ತಾವೇ ಅನುಭವಿಸಿ ಕಣ್ಮುಚ್ಚಿದರು. ಅವರು ಬಯಸಿದ ಕಾಲೇಜನ್ನು ಧರ್ಮಾಧ್ಯಕ್ಷರ ಮಂಡಳಿ ಅದೇ ಬೆಂಗಳೂರಿನಲ್ಲಿ 1963ರಲ್ಲಿ ತೆರೆಯಿತು. ಅದೇ ಸಂತ ಜಾನರ ವೈದ್ಯಕೀಯ ಕಾಲೇಜು. 2013ರಲ್ಲಿ ಧರ್ಮಸಭೆ ಮೇರಿಯವರನ್ನು ದೇವರ ಸೇವಕಿ ಎಂದು ಘೋಷಿಸಿತು.

ಇನ್ನು ಆ ಹಳ್ಳಿಯ ಮಾತು. ಶಿಡ್ಲಘಟ್ಟ ತಾಲೂಕಿನ ಮಳ್ಳೂರು ಹಾಲು, ರೇಷ್ಮೆಗಳನ್ನು ನಂಬಿದ ಊರು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವವರೆಗೆ ಅದು ಕೋಲಾರ ಜಿಲ್ಲೆಯಲ್ಲಿತ್ತು. ಅಲ್ಲಿ 1973ರಲ್ಲಿ ಸಂತ ಜಾನರ ಕಾಲೇಜು ಊರಿನ ಹಾಲು ಉತ್ಪಾದಕರ ಸಹಕಾರ ಸಂಘದೊಡನೆ ಸೇರಿ ಆರೋಗ್ಯ ಸಹಕಾರ ಸಂಘವನ್ನು ಆರಂಭಿಸಿತು. ಡೈರಿಗೆ ಹಾಕಿದ ಹಾಲಿನ ಪ್ರತಿ ಲೀಟರಿಗೆ ಇಂತಿಷ್ಟು ಪೈಸೆ ಎಂದು ಆರೋಗ್ಯಕ್ಕೆ ತೆಗೆದಿಡುವ ಏರ್ಪಾಟು. ಆ ಹಣದಿಂದ ವೈದ್ಯರು, ಔಷಧಿ, ಬಸುರಿ ಬಾಣಂತಿಯರ ಆರೈಕೆ, ಮಕ್ಕಳಿಗೆ ಚುಚ್ಚುಮದ್ದು. ಕಾಲೇಜಿನ ಎಳೆಯ ವೈದ್ಯರು ಹಳ್ಳಿಯ ಕೆಲಸ ಕಲಿಯಲು ಅಲ್ಲಿಗೆ ಬರುತ್ತಿದ್ದರು. ಬೆಳಗ್ಗೆ ಹಾಲು ಅಳೆದುಕೊಟ್ಟ ಹೆಂಗಸೇ ತನ್ನ ಹೆರಿಗೆಯ ವೈದ್ಯರಿಗೂ ಅಷ್ಟಿಷ್ಟು ಕೂಡಿಸುತ್ತಿದ್ದಳು.