ಹೊಳಪೆಂದರೆ ಸವೆತ

ಮುಂಗಾರು ಹಿಡಿದುಕೊಳ್ಳುವ ಹೊತ್ತಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಅಡಿಕೆ ತೋಟಗಳಲ್ಲಿ ಕೊಳೆ ಔಷಧಿ ಹೊಡೆಯುವ ಕೆಲಸ ಆರಂಭವಾಗುತ್ತದೆ. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣ ಅದು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ಔಷಧಿಯನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಈ ರೋಗದ ಬಗ್ಗೆ ಅವರ ಅಧ್ಯಯನ 1910ರಲ್ಲಿ ಪ್ರಕಟವಾಯಿತು. ಗೊನೆಯನ್ನು ಉಳಿಸುವ ಈ ನೀಲಿ ದ್ರಾವಣ, ತೋಟದ ಬದಿಯಲ್ಲಿ ನಿಂತ ಜೀಪು ಕಾರುಗಳ ಮೇಲೂ ಹನಿಯುತ್ತದೆ. ಮಳೆಗೆ ತೊಳೆದುಹೋಗಬಾರದೆಂದು ಅಂಟು ಬೆರೆಸಿದ್ದರಂತೂ ಕಲೆ ಇನ್ನಷ್ಟು ಗಟ್ಟಿ.

ಮಲೆನಾಡಿನ ವಾಹನದ ಮೈಗೆ ಇದೊಂದೇ ಕಾಟವಲ್ಲ. ಕೆಮ್ಮಣ್ಣಿನ ಕೆಸರು, ಮರದಿಂದ ಇಳಿಯುವ ಅಂಟು, ಹಕ್ಕಿಯ ಹಿಕ್ಕೆ, ತಿಂಗಳುಗಟ್ಟಲೆ ಆರದ ತೇವ ಎಲ್ಲವೂ ಇವೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಪಾಲಿಶ್ ಮಾಡಿಸಿಬಿಟ್ಟರೆ ಆಯಿತು ಎಂದು ಮಾಲೀಕರಿಗೆ ಅನ್ನಿಸುವುದು ಸಹಜ. ಆದರೆ ಎಷ್ಟೋ ಸಲ ಹೊಳಪಿಗೆಂದು ಕೊಟ್ಟ ಕಾರು ಬೇರೊಂದು ಗಾಯದೊಡನೆ ಮರಳುತ್ತದೆ. ನೆರಳಿನಲ್ಲಿ ಕನ್ನಡಿಯಂತೆ ಕಂಡ ಬಾನೆಟ್ಟು ಬಿಸಿಲಿಗೆ ಬಂದೊಡನೆ ಜೇಡರ ಬಲೆಯಂತಹ ಸುರುಳಿ ಗೆರೆಗಳನ್ನು ತೋರಿಸುತ್ತದೆ. ಬಾಗಿಲಿನ ಅಂಚಿನಲ್ಲಿ ಬಣ್ಣ ಸುಟ್ಟು ಮಂಕಾಗಿರುತ್ತದೆ. ಕೆಟ್ಟದ್ದನ್ನು ಸರಿಪಡಿಸಲು ಮತ್ತೊಮ್ಮೆ ಪಾಲಿಶ್ ಹೊಡೆದರೆ ಗಾಯ ಇನ್ನೂ ಹಿರಿದಾಗುವುದುಂಟು. ಹೀಗೇಕೆ ಎಂಬುದಕ್ಕೆ ಉತ್ತರ ಬಣ್ಣದ ಇತಿಹಾಸದಲ್ಲಿದೆ.

ಪಾಲಿಶ್ ಎಂದರೆ ಮೇಲೆ ಏನನ್ನೋ ಬಳಿಯುವುದೆಂಬ ಭಾವನೆ ಸಾಮಾನ್ಯವಾಗಿದೆ. ನಿಜದಲ್ಲಿ ಅದು ಉಜ್ಜಿ ತೆಗೆಯುವ ಕೆಲಸ. ಒರಟು ಪುಡಿಯಿಂದ ಉಜ್ಜಿದರೆ ದೊಡ್ಡ ಗೀರು, ನುಣ್ಣನೆಯ ಪುಡಿಯಿಂದ ಉಜ್ಜಿದರೆ ಸಣ್ಣ ಗೀರು. ಗೀರುಗಳು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ಬೆಳಕು ಚದುರದೆ ನೇರವಾಗಿ ಮರಳುತ್ತದೆ. ಅದನ್ನೇ ನಾವು ಹೊಳಪು ಎನ್ನುತ್ತೇವೆ. ಗಾಜಿನ ಪಾಲಿಶಿನ ಬಗ್ಗೆ ಐಸಾಕ್ ನ್ಯೂಟನ್ 1704ರ ತಮ್ಮ ‘ಆಪ್ಟಿಕ್ಸ್’ ಗ್ರಂಥದಲ್ಲಿ ಈ ಮಾತನ್ನೇ ವಿವರಿಸಿದ್ದಾರೆ. ಹೊಳಪು ಬಂದಿತೆಂದರೆ ಮೇಲ್ಮೈಯ ಸ್ವಲ್ಪ ಭಾಗ ಹೋಯಿತೆಂದೇ ಅರ್ಥ. ಹೋದದ್ದನ್ನು ಮತ್ತೆ ತುಂಬಬಹುದೇ ಎಂಬುದು ಆ ಮೇಲ್ಮೈ ಯಾವುದರಿಂದ ಆಗಿದೆ ಎಂಬುದನ್ನು ಅವಲಂಬಿಸಿದೆ.

ಕರ್ನಾಟಕಕ್ಕೆ ಚಿರಪರಿಚಿತವಾದ ಹಳೆಯ ಹೊಳಪು ಅರಗಿನದು. ಮರದ ಕೊಂಬೆಗಳ ಮೇಲೆ ಬದುಕುವ ಪುಟ್ಟ ಕೀಟ ಸ್ರವಿಸುವ ರಾಳವೇ ಅರಗು. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರದ ಬೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಒಣಗಿದ ಎಲೆಯ ತುಂಡಿನಿಂದ ಒತ್ತಿ ಉಜ್ಜಿದರೆ ಹೊಳಪು ಏಳುತ್ತದೆ. ಎಲ್ಲಾದರೂ ಕೆಟ್ಟಿತೇ? ಮತ್ತೆ ತಿರುಗಿಸಿ ಬಿಸಿ ತಾಗಿಸಿದರೆ ಅದೇ ಅರಗು ಕರಗಿ ಸಮವಾಗುತ್ತದೆ. ಪೀಠೋಪಕರಣಗಳ ಅರಗಿನ ಪಾಲಿಶ್ ಕೂಡ ಹೀಗೆಯೇ; ಸ್ಪಿರಿಟ್ಟಿಗೆ ಅದು ಮತ್ತೆ ಕರಗುತ್ತದೆ, ಹೊಸ ಲೇಪ ಹಳೆಯದರೊಡನೆ ಒಂದಾಗುತ್ತದೆ. ನಾಡಿನ ಕಾಡುಗಳ ಅರಗನ್ನು ಉದ್ಯಮವಾಗಿಸಲು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪನೆಯಾಯಿತು. 1962ರಿಂದ ಚುನಾವಣೆಯ ಅಳಿಸಲಾಗದ ಶಾಯಿಯನ್ನು ತಯಾರಿಸಿ ಹೆಸರಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ ಇದೇ.

ಮೊದಮೊದಲ ಮೋಟಾರು ಕಾರುಗಳಿಗೆ ಕುದುರೆಗಾಡಿಗಳಂತೆಯೇ ಎಣ್ಣೆ ವಾರ್ನಿಷನ್ನು ಕುಂಚದಿಂದ ಬಳಿಯುತ್ತಿದ್ದರು. ಒಂದೊಂದು ಲೇಪ ಒಣಗಲು ದಿನಗಳು ಬೇಕಾಗಿ, ಒಂದು ಕಾರು ಸಿದ್ಧವಾಗುವಾಗ ವಾರಗಳೇ ಕಳೆಯುತ್ತಿದ್ದವು. ಮೊದಲ ಮಹಾಯುದ್ಧದ ನಂತರ ಅಮೆರಿಕದ ಡ್ಯೂಪಾಂಟ್ ಕಂಪೆನಿ, ಸಿಡಿಮದ್ದಿನ ತಯಾರಿಕೆಯಿಂದ ಚೆನ್ನಾಗಿ ಬಲ್ಲ ನೈಟ್ರೋಸೆಲ್ಯುಲೋಸಿನಿಂದಲೇ ಬೇಗ ಒಣಗುವ ಬಣ್ಣವನ್ನು ತಯಾರಿಸಿ ‘ಡ್ಯೂಕೋ’ ಎಂಬ ಹೆಸರಿನಲ್ಲಿ ಹೊರತಂದಿತು. ಜನರಲ್ ಮೋಟಾರ್ಸ್ 1924ರ ಓಕ್‌ಲ್ಯಾಂಡ್ ಕಾರುಗಳಿಗೆ ಇದನ್ನು ಬಳಸಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಹೊಳೆಯುವಂತೆ ಸ್ಪ್ರೇ ಮಾಡಿದ ಬೀರುವಿನ ಬಣ್ಣವನ್ನು ನಮ್ಮ ಪೇಂಟರುಗಳು ಇಂದಿಗೂ ಡ್ಯೂಕೋ ಎನ್ನುವುದು ಆ ಹೆಸರಿನ ಉಳಿಕೆ.

ಗ್ಯಾರೇಜುಗಳಲ್ಲಿ ‘ಎನ್‌ಸಿ’ ಎಂದು ಕರೆಯುವ ಈ ಬಣ್ಣಕ್ಕೆ ಅರಗಿನ ಕ್ಷಮಾಗುಣವಿತ್ತು. ತಿನ್ನರ್ ತಾಗಿದರೆ ಒಣಗಿದ ಬಣ್ಣವೂ ಕರಗುವುದರಿಂದ ಟಚಪ್ ಮಾಡಿದ ಜಾಗ ಸುತ್ತಲಿನ ಬಣ್ಣದಲ್ಲಿ ಲೀನವಾಗುತ್ತಿತ್ತು. ವಾಟರ್ ಪೇಪರ್ ಹಾಕಿ, ಕಾಂಪೌಂಡಿನಿಂದ ರಬ್ಬಿಂಗ್ ಮಾಡುವುದು ದುರಸ್ತಿಯಲ್ಲ, ಬಣ್ಣ ಹಾಕುವ ಕೆಲಸದ ಕೊನೆಯ ಹಂತವೇ ಆಗಿತ್ತು. ಉಜ್ಜುವಾಗ ಬಟ್ಟೆಗೆ ಬಣ್ಣ ಹತ್ತುತ್ತಿತ್ತು. ಎಷ್ಟು ಸವೆಯಿತೆಂಬುದು ಕೈಗೂ ಕಣ್ಣಿಗೂ ತಿಳಿಯುತ್ತಿತ್ತು. ಬೇಗ ಮಂಕಾಗುವುದು, ಬಿರಿಯುವುದು ಅದರ ದೋಷ.

ಬಸ್ಸುಗಳ ದಾರಿ ಬೇರೆ. ಖಾಸಗಿ ಕಂಪೆನಿಯೊಂದು ನಿಂತಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ, 2020ರಲ್ಲಿ ಸ್ಥಗಿತಗೊಳ್ಳುವವರೆಗೆ ಈ ಮೂರೂ ತಾಲ್ಲೂಕುಗಳ ನಿತ್ಯದ ಒಡನಾಡಿಯಾಗಿತ್ತು. ಮಲೆನಾಡಿನ ಘಟ್ಟದಲ್ಲಿ ಓಡುವ ಬಸ್ಸಿನ ಬಣ್ಣವನ್ನು ಯಾರೂ ಪಾಲಿಶ್ ಮಾಡುತ್ತ ಕೂರುವುದಿಲ್ಲ. ಎಫ್‌ಸಿಗೆ ಹೋಗುವ ಮುನ್ನ ಹಳೆಯ ಬಣ್ಣದ ಮೇಲೆ ಹೊಸತನ್ನು ಹೊಡೆಯುತ್ತಾರೆ. ಅಲ್ಲಿ ಬಣ್ಣವೆಂದರೆ ತುಕ್ಕಿಗೆ ಅಡ್ಡಲಾಗಿ ಹೊದಿಸಿದ ಕಂಬಳಿ.

ಕಾರಿನ ಲೋಕದಲ್ಲಿ ದೊಡ್ಡ ಬದಲಾವಣೆ ಆದದ್ದು 1980ರ ದಶಕದಿಂದ ಈಚೆಗೆ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ತೆಳುವಾದ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್ ಎಂಬ ಪದ್ಧತಿ ವ್ಯಾಪಕವಾಯಿತು. ಈ ಮೇಲ್ಪದರ ಬರಿದೇ ಒಣಗುವುದಿಲ್ಲ. ಅದರೊಳಗಿನ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಆದ್ದರಿಂದಲೇ ಅದು ಬಿಸಿಲು, ಮಳೆ, ಪೆಟ್ರೋಲಿಗೆ ಜಗ್ಗುವುದಿಲ್ಲ. ಆದರೆ ಅದೇ ಕಾರಣಕ್ಕೆ ತಿನ್ನರಿಗೂ ಕರಗುವುದಿಲ್ಲ, ಹೊಸ ಲೇಪದೊಡನೆ ಒಂದಾಗುವುದೂ ಇಲ್ಲ. ಬಾಳಿಕೆ ಹೆಚ್ಚಿತು, ಕ್ಷಮೆ ಕಡಿಮೆಯಾಯಿತು.

ಇದರ ದಪ್ಪವನ್ನು ಗಮನಿಸಬೇಕು. ಸಾಮಾನ್ಯ ಕಾರಿನ ಎಲ್ಲ ಪದರಗಳನ್ನು ಕೂಡಿಸಿದರೂ 100ರಿಂದ 150 ಮೈಕ್ರಾನ್ ಮಾತ್ರ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40 ಮೈಕ್ರಾನ್. ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕ ಇರುವುದೂ ಇದರಲ್ಲಿಯೇ. ಇದನ್ನು ಅತಿಯಾಗಿ ಸವೆಸಿದ ಕಾರು ಇಂದು ಹೊಳೆದರೂ ಕೆಲವು ವರ್ಷಗಳಲ್ಲಿ ಹಾವಿನ ಪೊರೆಯಂತೆ ಸುಲಿಯತೊಡಗುತ್ತದೆ. ಎಚ್ಚರಿಕೆಯ ಹಳೆಯ ಗುರುತೂ ಇಲ್ಲಿ ತಿರುವುಮುರುವಾಗಿದೆ. ಹಿಂದೆ ಬಟ್ಟೆಗೆ ಬಣ್ಣ ಹತ್ತುವುದು ಸಹಜವಾಗಿತ್ತು. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಬಣ್ಣ ಹತ್ತಿತೆಂದರೆ ಮೇಲ್ಪದರ ತೂತಾಯಿತೆಂದೇ ಲೆಕ್ಕ. ಎನ್‌ಸಿ ಕಾಲದ ಕೈವಾಡಕ್ಕೆ ವೇಗವಾಗಿ ತಿರುಗುವ ಯಂತ್ರ ಸೇರಿದಾಗ ಕೆಲಸ ಕೆಡುವುದು ಇಲ್ಲಿಯೇ. ಪದರ ತೆಳುವಾಗಿರುವ ಅಂಚು, ಮಡಿಕೆಗಳಲ್ಲಿ ಬಿಸಿ ಏರಿ ಕ್ಷಣದಲ್ಲಿ ಸುಡುತ್ತದೆ.

ಹಾಗಾದರೆ ಕೆಟ್ಟದ್ದಕ್ಕೆ ಮದ್ದೇನು? ಗಾಯ ಎಷ್ಟು ಆಳವೆಂದು ಮೊದಲು ತಿಳಿಯಬೇಕು. ಬಣ್ಣದ ದಪ್ಪ ಅಳೆಯುವ ಪುಟ್ಟ ಉಪಕರಣ ಸಿಗುತ್ತದೆ. ಒಳ್ಳೆಯ ಕೆಲಸಗಾರ ಯಂತ್ರ ಹಿಡಿಯುವ ಮುನ್ನ ಅದನ್ನು ಹಿಡಿಯುತ್ತಾನೆ. ಬರೀ ಸುರುಳಿ ಗೆರೆ, ಮಂಕು ಇದ್ದರೆ ಅದು ಮೇಲ್ಪದರದ ಗೀರು. ಕಾರನ್ನು ಚೆನ್ನಾಗಿ ತೊಳೆದು, ನುಣುಪಾದ ಕಾಂಪೌಂಡ್ ಮತ್ತು ಮೃದುವಾದ ಸ್ಪಂಜಿನ ಪ್ಯಾಡಿನಿಂದ, ಕಡಿಮೆ ವೇಗದಲ್ಲಿ, ಒಂದು ಮೂಲೆಯಲ್ಲಿ ಪ್ರಯೋಗಿಸಿ ನೋಡಿ ಮುಂದುವರಿದರೆ ಅದು ಮಾಯವಾಗುತ್ತದೆ. ಎಣ್ಣೆ, ಮೇಣದಿಂದ ಗೀರು ತುಂಬಿ ಮರೆಮಾಚುವ ಪಾಲಿಶುಗಳೂ ಇವೆ. ಅವುಗಳ ಬಣ್ಣ ನಾಲ್ಕು ಮಳೆಗೆ ಬಯಲಾಗುತ್ತದೆ. ಮೇಲ್ಪದರವೇ ಹರಿದಿದ್ದರೆ ಯಾವ ಪಾಲಿಶೂ ನಡೆಯದು. ಆ ಬಾಗಿಲನ್ನೋ ಬಾನೆಟ್ಟನ್ನೋ ಪೂರ್ತಿಯಾಗಿ ಉಜ್ಜಿ, ಬೇಕಾದಲ್ಲಿ ಬಣ್ಣ ಸೇರಿಸಿ, ಹೊಸದಾಗಿ ಕ್ಲಿಯರ್ ಕೋಟ್ ಹೊಡೆಯುವುದೊಂದೇ ದಾರಿ. ತುಂಡು ಜಾಗಕ್ಕಷ್ಟೇ ಹೊಡೆದರೆ ಹಳತು ಹೊಸತರ ಗಡಿ ಒಂದಲ್ಲ ಒಂದು ದಿನ ಎದ್ದು ಕಾಣುತ್ತದೆ.

ಇನ್ನು ತೋಟದ ನೀಲಿ ಹನಿ. ಅದು ಸುಣ್ಣದ ಕಲೆ. ತಿಕ್ಕಿದರೆ ಮರಳಿನಂತೆ ಗೀರುತ್ತದೆ, ಹುಳಿಗಾದರೆ ಕರಗುತ್ತದೆ. ಹಸಿಯಿರುವಾಗಲೇ ನೀರು ಹೊಯ್ದರೆ ಎಲ್ಲಕ್ಕಿಂತ ಮೇಲು. ಒಣಗಿದ್ದರೆ ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಕೆಲವು ನಿಮಿಷ ಅದರ ಮೇಲಿಟ್ಟು ಧಾರಾಳವಾಗಿ ತೊಳೆಯಬೇಕು. ಕೆಮ್ಮಣ್ಣಿನ ಧೂಳನ್ನು ಒಣಬಟ್ಟೆಯಿಂದ ಒರೆಸುವುದಂತೂ ಬೇಡವೇ ಬೇಡ. ಮಲೆನಾಡಿನಲ್ಲಿ ನೀರಿಗೆ ಬರವಿಲ್ಲದ ಕಾಲದಲ್ಲಿ ಅದರ ಅಗತ್ಯವೂ ಇಲ್ಲ.

ಅರಗಿನ ಬೊಂಬೆಗೆ ಎಷ್ಟು ಸಲ ಬೇಕಾದರೂ ಹೊಳಪು ಕೊಡಬಹುದಿತ್ತು. ಇಂದಿನ ಕಾರಿಗೆ ಅದರ ಆಯುಷ್ಯದಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ. ಕಾರ್ಖಾನೆಯಲ್ಲಿ ತುಂಬಿಕೊಟ್ಟ ಆ 40 ಮೈಕ್ರಾನ್ ಒಂದು ಗಂಟು. ಪ್ರತಿ ಪಾಲಿಶಿನಲ್ಲೂ ಅದರಿಂದ ಸ್ವಲ್ಪ ತೆಗೆದು ಖರ್ಚು ಮಾಡುತ್ತೇವೆ. ಅಗತ್ಯವಿದ್ದಾಗ ಖರ್ಚು ಮಾಡುವುದು ತಪ್ಪಲ್ಲ. ಉಳಿದಿರುವುದೆಷ್ಟು ಎಂದು ನೋಡದೆ ಕೈಹಾಕುವುದು ತಪ್ಪು.