ಪಾರಿಜಾತ: ಪದದಿಂದ ಆಟಕ್ಕೆ

ಶ್ರೀಕೃಷ್ಣ ಪಾರಿಜಾತದ ಕಥೆ ಬಲು ಸಣ್ಣದು. ನಾರದ ದೇವಲೋಕದ ಹೂವೊಂದನ್ನು ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಹೇಳಲು ಕಾಲು ಗಂಟೆ ಸಾಕು. ಆದರೆ ಗೋಕಾಕ ಸೀಮೆಯ ಜನ ಇದನ್ನು ಬೆಳತನಕ ಕುಳಿತು ನೋಡಿದ್ದಾರೆ. ನೋಡಿದ್ದನ್ನೇ ಮರುವರ್ಷದ ಜಾತ್ರೆಯಲ್ಲಿ ಮತ್ತೆ ನೋಡಿದ್ದಾರೆ.

ಇದನ್ನು ಮೊದಲು ಪದಗಟ್ಟಿದವನು ಅಪರಾಳ ತಮ್ಮಣ್ಣ. ಆಟವಾಗಿ ಬೆಳೆಸಿ ಊರೂರಿಗೆ ಹರಡಿದವನು ಕುಲಗೋಡ ತಮ್ಮಣ್ಣ. ಇಬ್ಬರ ಹೆಸರೂ ಒಂದೇ ಆದ್ದರಿಂದ ಒಬ್ಬನ ಕೀರ್ತಿ ಇನ್ನೊಬ್ಬನಿಗೆ ಸಲ್ಲುವುದುಂಟು. ಕುಲಗೋಡ ಇರುವುದು ಹಿಂದಿನ ಗೋಕಾಕ ತಾಲ್ಲೂಕಿನಲ್ಲಿ, ಮೂಡಲಗಿಯ ಆಸುಪಾಸಿನಲ್ಲಿ. ಮೂಡಲಗಿ ಬೇರೆ ತಾಲ್ಲೂಕಾದದ್ದು ಈಚಿನ ಮಾತು.

ನಮ್ಮ ಸಾಹಿತ್ಯ ಚರಿತ್ರೆಗಳು ಕವಿಗೆ ಪುಟ ಕೊಟ್ಟು, ಆಟ ಕಟ್ಟಿದವನಿಗೆ ಸಾಲು ಕೊಡುತ್ತವೆ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ. ಪದ ಹೊಳೆದ ಮೇಲೆ ಆಗಬೇಕಾದ ಕೆಲಸವೇನು ಕಡಿಮೆಯೇ? ಭಾಗವತನಿಗೆ ಇಡೀ ಆಟ ಬಾಯಿಗೆ ಬರಬೇಕು. ಹಿಮ್ಮೇಳದವರು ನಿದ್ದೆಗೆಟ್ಟರೂ ತಾಳ ಬಿಡಬಾರದು. ಪಾತ್ರಧಾರಿಗೆ ಕುಣಿತದಷ್ಟೇ ಕಂಠವೂ ಬೇಕು. ಪಾರಿಜಾತದ ಹಾಡಿಕೆಯಲ್ಲಿ ಹಿಂದೂಸ್ತಾನಿ ರಾಗಗಳ ನೆರಳುಂಟು. ಇನ್ನು ದೂತಿ. ಅವಳೂ ಭಾಗವತನೂ ಆಡುವ ಮಾತೆಲ್ಲ ಆಡುಗನ್ನಡ, ಬಹುಪಾಲು ಆ ಹೊತ್ತಿಗೆ ಹುಟ್ಟಿದ್ದು. ಸತ್ಯಭಾಮೆಯ ಸಿರಿತನವನ್ನೂ ದ್ವಾರಕೆಯ ದೊರೆಯನ್ನೂ ದೂತಿ ಒಕ್ಕಲಗಿತ್ತಿಯ ಬಾಯಲ್ಲಿ ಅಳೆಯುತ್ತಾಳೆ. ಜನ ನಗುತ್ತಾರೆ, ಎಚ್ಚರವಿರುತ್ತಾರೆ.

ಈ ಪರಂಪರೆಯಲ್ಲಿ ಮರೆಯಲಾಗದ ಹೆಸರು ಕೌಜಲಗಿ ನಿಂಗಮ್ಮನದು. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಪಾರಿಜಾತದ ಅಟ್ಟಕ್ಕೆ ಹತ್ತಿದ ಮೊದಲ ಹೆಣ್ಣುಮಕ್ಕಳ ಸಾಲಿನವಳು ಆಕೆ. ಹೆಣ್ಣೊಬ್ಬಳು ಗೆಜ್ಜೆ ಕಟ್ಟಿ ಊರ ನಡುವೆ ನಿಂತರೆ ಸಮಾಜ ಏನನ್ನುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಮೆಚ್ಚಿ ಆಹೇರಿ ಮಾಡಿದವರೇ ಬೆಳಗಾದರೆ ಮುಖ ತಿರುವುವ ಲೋಕವದು. ಒಂದು ರಾತ್ರಿ ಹಾಡಿ ಸೈ ಎನ್ನಿಸಿಕೊಳ್ಳುವುದು ಬೇರೆ. ಆ ಮುಖಗಳ ಎದುರೇ ಆಟದ ಮೇಲೆ ಆಟ ಆಡುತ್ತ ಹೆಸರು ಗಳಿಸುವುದು ಬೇರೆ.

ಘಟಪ್ರಭೆಯದೇ ಇನ್ನೊಂದು ಊರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿ. ಚಂದ್ರಶೇಖರ ಕಂಬಾರರು ಹುಟ್ಟಿದ್ದು ಇಲ್ಲಿ, 1937ರ ಜನವರಿ 2ರಂದು. ಕಂಬಾರಿಕೆಯ ಮನೆತನ, ಬಡತನ. ಓದು ನಿಲ್ಲುವ ಹೊತ್ತಿಗೆ ಆಸರೆಯಾದವರು ಸವಳಗಿ ಮಠದ ಸ್ವಾಮಿಗಳು. ಬಾಲ್ಯದಲ್ಲಿ ಕಿವಿಗೆ ಬಿದ್ದ ಆಟ, ಲಾವಣಿಗಳನ್ನು ನೆನಪಿನ ಸಿಹಿಯಾಗಿ ಇಟ್ಟುಕೊಂಡು ಅವರು ಸುಮ್ಮನಾಗಲಿಲ್ಲ. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಪಿಎಚ್.ಡಿ.ಗೆ ಆರಿಸಿಕೊಂಡರು. 1972ರ ‘ಜೋಕುಮಾರಸ್ವಾಮಿ’ಯಲ್ಲಿ ಬಯಲಾಟದ ಕಸುವನ್ನು ನಗರದ ರಂಗಕ್ಕೆ ತಂದರು. 1985ರಲ್ಲಿ ಅವರ ಸಂಪಾದಕತ್ವದ ‘ಕನ್ನಡ ಜಾನಪದ ವಿಶ್ವಕೋಶ’ ಎರಡು ಸಂಪುಟಗಳಲ್ಲಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಕಲ್ಲು, ಕಡತ, ನೇಮಕಾತಿಗಳ ನಡುವೆ ವರ್ಷಗಳನ್ನು ಕಳೆದರು. ಕವಿಯೊಬ್ಬನಿಗೆ ಕಡತ ಏಕೆ ಎಂದು ಕೇಳಬಹುದು. ಕುಲಗೋಡ ತಮ್ಮಣ್ಣನಿಗೆ ಮೇಳ ಏಕೆ ಎಂದು ಕೇಳಿದ ಹಾಗೆ!

ಪಾರಿಜಾತದ ಪದಗಳು ಇಂದು ಅಚ್ಚಿನಲ್ಲಿವೆ, ಧ್ವನಿಮುದ್ರಣದಲ್ಲಿವೆ, ಅವಕ್ಕೆ ಭಯವಿಲ್ಲ. ನನಗೆ ಚಿಂತೆಯಿರುವುದು ದೂತಿಯ ಮಾತಿನದು. ಅದನ್ನು ಯಾರೂ ಪೂರ್ತಿಯಾಗಿ ಬರೆದಿಡಲಾರರು. ಬರೆದರೂ ಅದು ನಿನ್ನೆಯ ಊರಿನ ಮಾತು. ನಾಳೆಯ ಊರಿನ ಮಾತು ಬೇಕಾದರೆ ಹುಡುಗಿಯೊಬ್ಬಳು ಹಿರಿಯ ಭಾಗವತನ ಎದುರು ನಿಂತು, ತಪ್ಪುತ್ತ, ನಗಿಸುತ್ತ, ಹಲವು ಸುಗ್ಗಿಗಳನ್ನು ಕಳೆಯಬೇಕು.